ಅರ್ಧ ವೋಲ್ಟಿನ ವಾರ

ಇದು ನಡೆದದ್ದನ್ನು ನಡೆದ ಹಾಗೆಯೇ ಹೇಳುವ ಕತೆ. ಅಳತೆ ತಪ್ಪಿದ್ದು ಸಿದ್ದರಾಮೇಶನ ಆಸಿಲೋಸ್ಕೋಪಿನದು, ಕತೆಯದಲ್ಲ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳ ಬೋರ್ಡು ರಿಪೇರಿ ಮಾಡುವ ಸಿದ್ದರಾಮೇಶ, ಪುಟ್ಟಕ್ಕ ತಂದ ಬೋರ್ಡಿಗೆ ವೋಲ್ಟು ಅಳೆಯುವ ಆ ಸ್ಕೋಪಿನ ಪ್ರೋಬ್ ಮೊನೆ ಇಟ್ಟ. ಐದು ವೋಲ್ಟ್ ಇರಬೇಕಾದ ಕಡೆ ಪರದೆ ಅರ್ಧ ವೋಲ್ಟ್ ತೋರಿಸಿತು. ಚಿಪ್ ಕಿತ್ತು ಹೊಸದು ಹಾಕಿದ. ಅರ್ಧ. ಇನ್ನೊಂದು ಹಾಕಿದ. ಅದೂ ಅರ್ಧ. ತಾಳೆ ನೋಡೋಣವೆಂದರೆ ಮೀಟರ್ ಇರಲಿಲ್ಲ. ಮಾವನ ಮನೆಯ ಇನ್ವರ್ಟರ್ ನೋಡಬೇಕೆಂದು ಜೊತೆಗಾರ ಯೋಗೀಶ ಸೋಮವಾರವೇ ಅದನ್ನು ಅಗಳಿ ಊರಿಗೆ ಒಯ್ದಿದ್ದ.

“ಐದರ ಬಸ್ಸಿಗೆ ಇನ್ನೂರು ಪ್ಯಾಂಟು ಬಳ್ಳಾರಿಗೆ ಹೋಗ್ಬೇಕ್ರಿ ಅಣ್ಣ. ಕಾಜಾ ಹೊಲಿಯೋ ಮಿಷನ್ ಇದೊಂದೇ,” ಎಂದಳು ಪುಟ್ಟಕ್ಕ.

“ಇದರಾಗ ಜೀವ ಇಲ್ರಿ ಪುಟ್ಟಕ್ಕ. ಸತ್ತೈತಿ. ಹೊಸದು ತಗೊಳ್ರಿ.”

ಅವಳ ಮುಖ ಸಣ್ಣದಾಯಿತು. ಹೊಸದೆಂದರೆ ಬರಲು ನಾಲ್ಕು ದಿನ.

ಆಗ ಬಾಗಿಲ ಕಡೆಯಿಂದ ಸಿದ್ದರಾಮೇಶನದೇ ದನಿ ಬಂತು. ಮಾತಿಗೆ ಮುಂಚಿನ ಕೆಮ್ಮೂ ಅವನದೇ. “ಎಹ್ಹೆಂ! ಎಷ್ಟು ಸಲ ಹೇಳ್ಬೇಕಲೇ? ಮೊದ್ಲು ನಮ್ಮ ಸ್ಕೋಪಿನ ನಾಡಿ ಹಿಡಿ, ಆಮ್ಯಾಲೆ ಮಂದೀ ಬೋರ್ಡಿಂದು!” ಅಗಳಿಯಿಂದ ಬಂದ ಯೋಗೀಶ ಹೆಗಲ ಚೀಲವನ್ನೂ ಇಳಿಸದೆ ಅವನನ್ನು ಅಣಕಿಸುತ್ತ ನಿಂತಿದ್ದ.

ಅದು ದಿನಕ್ಕೆ ಹತ್ತು ಸಲ ಯೋಗೀಶನಿಗೆ ತಾನೇ ಮಾಡುವ ಉಪದೇಶ. ಸಿದ್ದರಾಮೇಶ ಗೊಣಗುತ್ತಲೇ ಪ್ರೋಬನ್ನು ಪರೀಕ್ಷೆಗೆಂದೇ ಸ್ಕೋಪಿನಲ್ಲಿರುವ ಸ್ವಂತ ಕೊಕ್ಕೆಗೆ ಮುಟ್ಟಿಸಿದ. ಅಲ್ಲಿ ಯಾವಾಗಲೂ ಮೂರು ವೋಲ್ಟ್ ಬರಬೇಕು. ಬಂದದ್ದು ಸೊನ್ನೆ ಪಾಯಿಂಟ್ ಮೂರು. ಪ್ರೋಬಿನ ಗುಂಡಿಯ ಮೇಲೆ ಸೋಮವಾರದ ಪೂಜೆಯ ವಿಭೂತಿ ಮೆತ್ತಿತ್ತು. ಉಜ್ಜಿ ನೋಡಿದ. ಗುಂಡಿ ಹತ್ತರಲ್ಲಿತ್ತು, ಸ್ಕೋಪಿನ ಮೆನು ಒಂದರಲ್ಲಿತ್ತು. ಪ್ರೋಬ್ ಹತ್ತರಲ್ಲೊಂದು ಪಾಲು ಕಳಿಸಿದರೆ, ಸ್ಕೋಪು ಅದನ್ನೇ ಪೂರ್ತಿ ಎಂದು ನಂಬಿ ಕೂತಿತ್ತು.

“ಮೆನು ಯಾರಲೇ ಮುಟ್ಟಿದೋರು?”

“ನಾನೇ ಅಣ್ಣ, ನಿನ್ನ ಪರೀಕ್ಷೆ ಮಾಡಾಕ, ಸೋಮವಾರ ಅಗಳಿಗೆ ಹೋಗೋ ಮುಂದ. ಕೊಕ್ಕೆ ಮುಟ್ಟಿದ ಕೂಡ್ಲೆ ಹಿಡೀತಿ, ಫೋನ್ ಮಾಡಿ ಬೈತಿ ಅನ್ಕೊಂಡಿದ್ದೆ. ವಾರ ಆತು, ಬೈಗಳ ಬರ್ಲೇ ಇಲ್ಲ!”

ಮೆನು ಸರಿಪಡಿಸಿದ ಮೇಲೆ ಚಿಪ್ಪಿನ ಕಾಲಲ್ಲಿ ಐದು ವೋಲ್ಟ್ ಎದ್ದು ನಿಂತಿತು. ಮೋಟಾರಿನ ಪ್ಲಗ್ಗಿನಲ್ಲಿ ಮಾತ್ರ ಸೊನ್ನೆ. ನಡುವೆ ಬಿರುಕು ಬಿಟ್ಟ ಒಂದೇ ಒಂದು ಬೆಸುಗೆ. ಎರಡು ನಿಮಿಷದ ಕೆಲಸ.

“ಸತ್ತೈತಿ ಅಂದ್ರಲ್ರಿ!” ಪುಟ್ಟಕ್ಕ ಬೋರ್ಡನ್ನು ಎದೆಗವಚಿಕೊಂಡು ನಕ್ಕಳು. ಯೋಗೀಶನೂ ನಕ್ಕ.

ಸಿದ್ದರಾಮೇಶನ ಕಣ್ಣು ಮೇಜಿನ ಕೆಳಗಿನ ಚೀಲದ ಮೇಲೆ ಬಿತ್ತು. ಸೋಮವಾರದಿಂದೀಚೆಗೆ ಅವನೇ ಸತ್ತಿವೆ ಎಂದು ಹೇಳಿ ಎತ್ತಿಟ್ಟ ಮೂರು ಬೋರ್ಡುಗಳು ಅದರಲ್ಲಿದ್ದವು. ಅದನ್ನು ಎಳೆದು ಮೇಜಿನ ಮೇಲಿಟ್ಟ. ಆಮೇಲೆ ಮೇಜು ಗುದ್ದಿ ಗುದ್ದಿ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ತನ್ನ ಫೋನನ್ನು ಯೋಗೀಶನ ಕೈಗೆ ತುರುಕಿದ.

“ನನ್ನ ದನಿ ಚಲೋ ಬರ್ತೈತಲ್ಲ ನಿನಗ? ಈ ಮೂರು ಬೋರ್ಡಿನ ಮಂದಿಗೆ ಫೋನ್ ಹಚ್ಚು. ಕೆಮ್ಮಿ ಶುರು ಮಾಡು. ನನ್ನ ದನಿಯಾಗೇ ಬೈಸ್ಕೊ.”