ಗುಡುಗಿಗೆ ಕಿತ್ತ ಪ್ಲಗ್ಗು

ಅಕ್ಟೋಬರ್ ಕೊನೆಯ ಬುಧವಾರ, ರಾತ್ರಿ ಎಂಟು ಗಂಟೆಗೆ ಗುತ್ತಿಗಾರಿನ ಗೋದಾವರಿಯ ಮನೆಯ ಫೋನು ರಿಂಗಾಯಿತು. ತಾಯಿಯ ತಿಥಿಯ ದಿನ ಜಗಳವಾಗಿ ಒಂಬತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ಮಹೇಶ್ವರ ಇಂದು ಕಬಕದಿಂದ ಮಾತಾಡುತ್ತಾನೆಂದು ಅವನ ಮೊಮ್ಮಗಳು ಸಾಕ್ಷಿ ಬೆಳಿಗ್ಗೆಯೇ ತಿಳಿಸಿದ್ದಳು. ಗೋದಾವರಿ ಎರಡೂ ಕೈಯಲ್ಲಿ ರಿಸೀವರ್ ಹಿಡಿದಳು.

“ಗೋದಾ, ನಿನ್ನ ಹಳೇ ಕರಿ ಫೋನು ಇನ್ನೂ ಉಂಟಾ?”

“ಉಂಟಣ್ಣ. ಈಗ ಅದನ್ನು ಇಂಟರ್‌ನೆಟ್ಟಿನ ಪೆಟ್ಟಿಗೆಗೆ ಸಿಕ್ಕಿಸಿದ್ದಾರೆ.”

“ನಿನ್ನ ಸ್ವರ ಮಾತ್ರ ಹಾಗೇ ಉಂಟು ಮಾರಾಯ್ತಿ, ಕಾಗೆ ಓಡಿಸುವ ಸ್ವರ!” ಅಣ್ಣ ನಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, “ನೋಡು, ಆ ದಿನ ನಾನು...” ಎಂದ.

ಅಷ್ಟರಲ್ಲಿ ಗುಡುಗಿತು. ಸಿಡಿಲಿಗೆ ಹೆದರಿ ನಲವತ್ತು ವರ್ಷ ಫೋನಿನ ವಯರು ಕಿತ್ತು ಅಭ್ಯಾಸವಾದ ಕೈ, ಅವಳನ್ನು ಕೇಳದೆ ಪೆಟ್ಟಿಗೆಯ ಪ್ಲಗ್ಗನ್ನು ಎಳೆದುಬಿಟ್ಟಿತು. ಕೂಡಲೇ ತಿರುಗಿ ಸಿಕ್ಕಿಸಿದಳು. ಹಳೆಯ ಲೈನಾದರೆ ಆ ಕ್ಷಣವೇ ಗುಂಯ್ ಎನ್ನುತ್ತಿತ್ತು. ಈ ಪೆಟ್ಟಿಗೆಯ ದೀಪಗಳು ಒಂದೊಂದಾಗಿ, ನಿಧಾನಕ್ಕೆ ಹತ್ತಿದವು. ಕೊನೆಗೂ ನಂಬರು ಹೋದಾಗ ಎತ್ತಿದ್ದು ಸಾಕ್ಷಿ.

“ಎಂತ ಅಜ್ಜಿ, ಮಾತಿನ ಮಧ್ಯ ಫೋನ್ ಇಟ್ಟದ್ದು? ‘ಅವಳ ಸಿಟ್ಟು ಇಳಿಲಿಲ್ಲ’ ಅಂತ ಹೇಳಿ ಅಜ್ಜ ರಾತ್ರಿಯ ಮಾತ್ರೆ ನುಂಗಿ ಮಲಗಿದ್ರು.”

“ಇಟ್ಟದ್ದಲ್ಲ ಮಗಾ, ಗುಡುಗಿಗೆ ಪ್ಲಗ್ಗು ಕಿತ್ತದ್ದು. ಹೋಗಿ ಹೇಳು.”

“ಈಗ ಎಬ್ಬಿಸಿದ್ರೆ ನನಗೆ ಬೈತಾರೆ ಅಜ್ಜಿ. ನಾಳೆ ಕಾಫಿ ಕೊಡುವಾಗ ಹೇಳ್ತೇನೆ, ನಗ್ತಾರೆ.”

“ಆಯ್ತು, ನಾಳೆಯೇ ಹೇಳು” ಎಂದಳು ಗೋದಾವರಿ.

ಮಹೇಶ್ವರ ತೀರಿಕೊಂಡದ್ದು ಗುರುವಾರ, ಬೆಳಕು ಹರಿಯುವ ಮೊದಲು.