ಕೆಂಪು ದಾರದ ತಂಬಿಗಿ

ಹತ್ತಿಕಾಳು ಹುರಿದ ವಾಸನೆ ಬಂದರೆ ಇವತ್ತಿಗೂ ನನಗೆ ಅಕ್ಕನ ಕುತ್ತಿಗೆ ಕಾಣುತ್ತದೆ.

ಆ ಮಧ್ಯಾಹ್ನ ತಿರ್ಲಾಪುರದ ನಮ್ಮ ಪಡಸಾಲೆಯ ಬಿಸಿಲುಕೋಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಅಕ್ಕನಿಗೆ ತಿಂಗಳಿಂದ ಜ್ವರ. ಕುತ್ತಿಗೆಯ ತುಂಬ ಹುಣಸೆಬೀಜದಂಥ ಗಂಟುಗಳು, ಮೂಗಿನ ಎರಡೂ ಬಾಜು ಕೆಂಪು ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕೂತಂತೆ ಕಲೆ. ನಮ್ಮ ಅಜ್ಜಿ, ಆಯಿ, ಬಿಸಿ ಹತ್ತಿಕಾಳನ್ನು ಅರಿವೆಯಲ್ಲಿ ಕಟ್ಟಿ ಗಂಟುಗಳಿಗೆ ಶಾಖ ಕೊಡುತ್ತಿದ್ದಳು. ಪಕ್ಕದಲ್ಲಿ ಅಕ್ಕನ ತಂಬಿಗಿ. ಬೇರೆ ಯಾರೂ ಅದರಲ್ಲಿ ಕುಡಿಯಬಾರದೆಂದು ಅವ್ವ ಅದಕ್ಕೆ ಕೆಂಪು ದಾರ ಕಟ್ಟಿದ್ದಳು.

ಹುಬ್ಬಳ್ಳಿ ದವಾಖಾನೆಯಿಂದ ಬಂದ ಅಪ್ಪ ಚಪ್ಪಲಿ ಬಿಡದೇ ಹೇಳಿದ: "ಹೋದ ವಾರ ಕುತಿಗ್ಯಾಗಿಂದ ಕೊಯ್ದ ಗಂಟು ತಪಾಸ ಮಾಡಿ ನೋಡ್ಯಾರ. ಟಿ.ಬಿ. ಅಲ್ಲಂತ. ಅದರ ಹೆಸರು ನನ್ನ ನಾಲಿಗಿಗೆ ಬರವಲ್ದು, ಅಪರೂಪದ ಬ್ಯಾನಿ ಅಂತ. ತಾನ ಹೋಗತೈತಿ, ಯಾರಿಗೂ ಹತ್ತೂದಿಲ್ಲಂತ."

"ನಾ ಮೊದಲ ಹೇಳಿದ್ನಿಲ್ಲೋ!" ಎಂದು ಆಯಿ ದಾರ ಕಿತ್ತು ಒಲೆಗೆ ಒಗೆದಳು. ಅವಳು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ಅಕ್ಕ ನಗುತ್ತ ಎದ್ದು ಕೂತಳು. ತಂಬಿಗಿಯನ್ನು ನನ್ನ ಕಡೆ ಚಾಚಿದಳು.

"ಈಗರ ಕುಡಿ, ತಂಗಿ."

ನಾನು ಅವ್ವನ ಮುಖ ನೋಡಿದೆ. ಅವ್ವ ಹೂಂ ಎನ್ನುವಷ್ಟರಲ್ಲಿ ಅಕ್ಕ ತಂಬಿಗಿ ಹಿಂದಕ್ಕೆ ತಗೊಂಡಿದ್ದಳು.