ಕೇಳದೆ ಸಿಕ್ಕ ಅಧಿಕಾರ

"ಇವತ್ತಿಂದ ನೀವೇ ಸೂಪರ್ ಯೂಸರ್, ಜಗದಾಂಬಾ. ಯಾವ ದಾಖಲೆ ಬೇಕಾದ್ರೂ ತಿದ್ದಬಹುದು," ಎಂದು ಮ್ಯಾನೇಜರ್ ಶಿವಬಸಪ್ಪ ಕಂಪ್ಯೂಟರ್ ಮುಂದಿನ ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿದರು.

ಜಗದಾಂಬಾ ಕೂರಲಿಲ್ಲ. ರಾಜಾಜಿನಗರದ ಆ ಕಾರ್ಖಾನೆಯಲ್ಲಿ ನಿನ್ನೆಯವರೆಗೂ ಆ ಅಧಿಕಾರ ಶಿವಬಸಪ್ಪನವರೊಬ್ಬರದೇ ಆಗಿತ್ತು. ತಾನೇ ಟೈಪ್ ಮಾಡಿದ್ದನ್ನೂ ಅವಳು ಆಮೇಲೆ ಓದಬಹುದಿತ್ತೇ ಹೊರತು ಬದಲಿಸುವಂತಿರಲಿಲ್ಲ. ಅನುಮಾನ ಬಂದು, ನಿಂತಲ್ಲೇ ಕೆಲಸಗಾರ ಕೆಂಪಯ್ಯನ ಅಪಘಾತದ ದಾಖಲೆ ತೆರೆದಳು. ಪ್ರೆಸ್ ಯಂತ್ರಕ್ಕೆ ಸಿಕ್ಕಿ ಅವನ ಬೆರಳು ಹೋದ ದಿನ ಅವಳು ಬರೆದದ್ದು 'ಯಂತ್ರದ ದೋಷ'. ಪರದೆಯ ಹಸಿರು ಅಕ್ಷರಗಳಲ್ಲಿ ಈಗ 'ಕೆಲಸಗಾರನ ಅಜಾಗರೂಕತೆ' ಎಂದಿತ್ತು. ಇವತ್ತೇ ಆ ಅಪಘಾತದ ವಿಚಾರಣೆ, ಕೆಂಪಯ್ಯ ಹೊರಗೆ ಕಾಯುತ್ತಿದ್ದ. ತಿದ್ದುವ ಅಧಿಕಾರ ಈಗ ಅವಳದಾದ್ದರಿಂದ, ತಿದ್ದಿದವರು ಯಾರೆಂದು ಅಲ್ಲಿ ಕೇಳಿದರೆ ಎಲ್ಲರೂ ಅವಳತ್ತಲೇ ನೋಡುವಂತಾಗಿತ್ತು.

"ಹೊಸ ಪಾಸ್‌ವರ್ಡ್ ಹಾಕಿ," ಎಂದರು ಶಿವಬಸಪ್ಪ.

"ಹಾಕ್ತೀನಿ ಸಾರ್," ಎಂದ ಜಗದಾಂಬಾ ಹೋಗಿ ಬಾಗಿಲು ತೆರೆದಳು. "ಕೆಂಪಯ್ಯಣ್ಣ, ಒಳಗೆ ಬನ್ನಿ. ಇಲ್ಲೀವರೆಗೂ ನಿಮ್ಮ ದಾಖಲೆ ಯಾರು ತಿದ್ದಬಹುದಿತ್ತು ಅಂತ ಸಾರ್ ಹೇಳ್ತಾರೆ."